ಮೈ ಸರಿಯಿಲ್ಲದ ದಿನ ಪುಣೆಯ ಗುಹಾಲಯಗಳನ್ನು ನೋಡುವ ಬಗೆ

ಹುಬ್ಬಳ್ಳಿ, ಬೆಳಗಾವಿಗಳಿಂದ ರಾತ್ರಿ ಬಸ್ಸು ಹಿಡಿದು ಪುಣೆಯ ನೆಂಟರ ಮನೆಗೆ ಬಂದವರು ಎರಡನೆಯ ದಿನಕ್ಕೆಲ್ಲ ಸೋತಿರುತ್ತಾರೆ: ನಿದ್ದೆಗೆಟ್ಟ ಕಣ್ಣು, ಹೊರಗಿನ ಊಟಕ್ಕೆ ಕೆಟ್ಟ ಹೊಟ್ಟೆ, ಅದರ ಮೇಲೆ ರಜೆ ಮುಗಿಯುತ್ತಿದೆಯೆಂಬ ಆತುರ. ಅಂಥ ದಿನ ನೋಡುವ ಸ್ಥಳವನ್ನು ಅದರ ಹೆಸರಿಗಿಂತ ಅದರ ಮೆಟ್ಟಿಲುಗಳನ್ನು ಲೆಕ್ಕ ಹಾಕಿ ಆರಿಸುವುದು ಲೇಸು.

ಮೊದಲು, ಹೊರಡಬಹುದೇ ಎಂಬುದನ್ನು ನಿರ್ಧರಿಸಿಕೊಳ್ಳಿ. ಜ್ವರವಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಕುಡಿದ ನೀರೂ ನಿಲ್ಲದೆ ವಾಂತಿಯಾಗುತ್ತಿದ್ದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಹೊರಡುವುದಂತೂ ಸಲ್ಲದು, ಏಕೆಂದರೆ ಮಾತ್ರೆಯ ಬಲ ಇಳಿಯುವ ಹೊತ್ತಿಗೆ ನೀವು ಬೆಟ್ಟದ ನಡುವಿನಲ್ಲಿರುತ್ತೀರಿ. ಬರಿಯ ಆಯಾಸ, ಸಣ್ಣ ಹೊಟ್ಟೆ ಕೆಡುಕು ಮಾತ್ರವಾದರೆ ಓಆರ್‌ಎಸ್ ಕಲಸಿದ ನೀರಿನ ಬಾಟಲಿ ಜೊತೆಗಿರಲಿ; ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪನ್ನು ಅಳತೆ ತಪ್ಪದಂತೆ ಬೆರೆಸಿಕೊಳ್ಳಬಹುದು. ರಸ್ತೆ ಬದಿಯ ಕಬ್ಬಿನ ಹಾಲನ್ನು, ಅದರಲ್ಲೂ ಮಂಜುಗಡ್ಡೆ ಹಾಕಿದ್ದನ್ನು, ಆ ದಿನ ಬಿಡಿ.

ಇಂಥ ದಿನಕ್ಕೆ ನನ್ನ ಮೊದಲ ಆಯ್ಕೆ ಊರ ನಡುವೆ ಜಂಗಲಿ ಮಹಾರಾಜ ರಸ್ತೆಯಲ್ಲಿರುವ ಪಾತಾಳೇಶ್ವರ. ರಾಷ್ಟ್ರಕೂಟರ ಕಾಲದ್ದೆಂದು, 8ನೆಯ ಶತಮಾನದ್ದೆಂದು ಹೇಳಲಾಗುವ ಈ ಗುಡಿಯನ್ನು ಕರಿಯ ಬಸಾಲ್ಟ್ ಬಂಡೆಯಲ್ಲೇ ಕೊರೆದಿದ್ದಾರೆ. ಆಟೋ ಬಾಗಿಲಿಗೇ ಬರುತ್ತದೆ, ಹತ್ತುವ ಬೆಟ್ಟವಿಲ್ಲ. ಬಿಸಿಲೇರುವ ಮೊದಲು ಹೋಗಿ, ಅಂಗಳದ ನೆರಳಿನಲ್ಲಿ ಕುಳಿತು, ನಂದಿಮಂಟಪವನ್ನು ನೋಡಲು ತೊಡಗಿ. ಕಂಬಗಳೆಲ್ಲ ಚೌಕ, ಅವು ಹೊತ್ತ ಚಾವಣಿ ಮಾತ್ರ ಬಿಚ್ಚಿದ ಕೊಡೆಯಂತೆ ದುಂಡಗೆ. ಈ ವಿಚಿತ್ರ ಜೋಡಣೆ ಕುಳಿತು ನೋಡಿದವರಿಗೇ ದಕ್ಕುತ್ತದೆ. ಸುಸ್ತು ಇಳಿದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಾಗಿಲಲ್ಲೇ ಒಂದು ನಿಮಿಷ ನಿಂತು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಬಿಡಿ. ಬಿಸಿಲಿನಿಂದ ಬಂದವರು ಎಡವುವುದು ಅಲ್ಲಿಯೇ. ಎಲ್ಲೋರದ ವೈಭವ ಇಲ್ಲಿಲ್ಲ, ಕೆಲಸವೂ ಅರ್ಧಕ್ಕೆ ನಿಂತಿದೆ. ಆದರೂ ಸಾಲುಗಂಬಗಳ ನಡುವಿನ ತಂಪು ಕಾಯಿಲೆಯವರಿಗೆ ಹಿತ.

ಗುಹೆಯಲ್ಲದಿದ್ದರೂ ಊರೊಳಗೇ ಇರುವ, ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಯನ್ನು ಹೊರಗಿನಿಂದ ನೋಡಿದರೆ ಸಾಕು. 1828ರ ಬೆಂಕಿಯ ನಂತರ ಒಳಗೆ ಉಳಿದಿರುವುದು ಬಹುತೇಕ ಅಡಿಪಾಯ. ಅದರ ಹೆಬ್ಬಾಗಿಲಾದ ದಿಲ್ಲಿ ದರವಾಜೆಯ ಕದಗಳಲ್ಲಿ ಆನೆಯನ್ನು ತಡೆಯಲೆಂದು ಬಡಿದ ಕಬ್ಬಿಣದ ಮೊಳೆಗಳನ್ನು ಮುಂದೆ ನಿಂತೇ ನೋಡಬಹುದು.

ಲೋಣಾವಳಾ ಹತ್ತಿರದ ಕಾರ್ಲೆಯ ಬೌದ್ಧ ಗುಹೆಗಳನ್ನು ಚೇತರಿಸಿಕೊಂಡ ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿ ಮೆಟ್ಟಿಲುಗಳು ನೂರಾರು, ಪಕ್ಕದಲ್ಲೇ ಇರುವ ಏಕವೀರಾ ದೇವಿಯ ಗುಡಿಗೆ ಬರುವ ಭಕ್ತರ ನೂಕುನುಗ್ಗಲು ಬೇರೆ. ಭಾನುವಾರ ಮತ್ತು ಹಬ್ಬದ ದಿನಗಳನ್ನು ತಪ್ಪಿಸುವುದೇ ಒಳ್ಳೆಯದು. ಆದರೆ ಕನ್ನಡಿಗರು ಪೂರ್ತಿಯಾಗಿ ಬಿಟ್ಟುಬಿಡಬಾರದ ಸ್ಥಳವದು: ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನು ಪೂರ್ಣಗೊಳಿಸಿದನೆಂದು ಅಲ್ಲಿನ ಬ್ರಾಹ್ಮೀ ಶಾಸನವೊಂದು ಸಾರುತ್ತದೆ, ಆ ವೈಜಯಂತಿಯನ್ನು ವಿದ್ವಾಂಸರು ನಮ್ಮ ಬನವಾಸಿಯೆಂದು ಗುರುತಿಸಿದ್ದಾರೆ. ಒಳಗೆ ತಲೆಯೆತ್ತಿದರೆ ಎರಡು ಸಾವಿರ ವರ್ಷಗಳಷ್ಟು ಹಳೆಯ ಮರದ ಕಮಾನುಗಳು ಇನ್ನೂ ಚಾವಣಿಯಲ್ಲಿವೆ. ತಲೆ ಸುತ್ತುವ ಸ್ವಭಾವದವರು ಗೋಡೆಗೆ ಒರಗಿಯೇ ಮೇಲೆ ನೋಡಬೇಕು. ವಾಹನ ಹೋಗುವಷ್ಟು ದೂರ ವಾಹನದಲ್ಲೇ ಹೋಗಿ, ಮೆಟ್ಟಿಲುಗಳಲ್ಲಿ ಅಲ್ಲಲ್ಲಿ ಕುಳಿತು ಹತ್ತಿ. ಏದುಸಿರು ಬಂದು ಮಾತು ತುಂಡಾಗತೊಡಗಿದರೆ ಅಲ್ಲಿಂದಲೇ ಇಳಿಯಿರಿ. ಅಂಥ ಹೊತ್ತಿನಲ್ಲಿ ಜೊತೆಗೆ ಇಳಿಯುವವರು ಯಾರು, ಮೇಲೆ ಹೋಗುವವರು ಯಾರು ಎಂಬುದನ್ನು ಬುಡದಲ್ಲಿಯೇ ಮಾತಾಡಿಕೊಂಡಿದ್ದರೆ ನಡುದಾರಿಯಲ್ಲಿ ವಾದಕ್ಕೆ ಎಡೆಯಿರುವುದಿಲ್ಲ.