ಅಕ್ಷರ ಜೋಡಣೆಯ ಕೈಪಿಡಿ: ಯಾವ ವಿವರ ಇರಲಿ, ಯಾವುದು ಬೇಡ

ನಾನು ಮಡಿಕೇರಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ, ಲಾಟೆಕ್‌ನಲ್ಲಿ ಕನ್ನಡ ಪುಸ್ತಕ ಮಾಡುವುದು ಹೇಗೆ ಅಂತ ಒಂದು ಕೈಪಿಡಿ ಬರೆದೆ. ಲಾಟೆಕ್ ಅಂದರೆ ಬರಹದ ಜೊತೆ ಆದೇಶಗಳನ್ನೂ ಬರೆದು ಪುಟ ಜೋಡಿಸುವ ತಂತ್ರಾಂಶ. ಮೊದಲ ಕರಡನ್ನು ವಿರಾಜಪೇಟೆಯ ಒಬ್ಬ ಅಕ್ಕನಿಗೆ ಕೊಟ್ಟೆ. ಅವರು ತಮ್ಮ ಒಕ್ಕದ (ಕೊಡವ ಮನೆತನದ) ವಂಶಾವಳಿಯನ್ನು ಪುಸ್ತಕ ಮಾಡಲು ಹೊರಟಿದ್ದರು. ಪೇಜ್‌ಮೇಕರ್ ತಂತ್ರಾಂಶ ಅವರಿಗೆ ಚೆನ್ನಾಗಿ ಗೊತ್ತು, ಲಾಟೆಕ್ ಹೊಸದು. ನಾಲ್ಕು ಪುಟ ಓದಿ, "ಇದೆಲ್ಲಾ ಸರಿ, ಈಗ ನಾನು ಏನು ಮಾಡಬೇಕು?" ಅಂತ ಕೇಳಿದರು. ಆ ನಾಲ್ಕು ಪುಟದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಅಂದರೇನು, ಫಾಂಟ್ ಒಳಗೆ ಒತ್ತಕ್ಷರ ಹೇಗೆ ಕೂಡಿಕೊಳ್ಳುತ್ತದೆ ಅಂತೆಲ್ಲಾ ಬರೆದಿದ್ದೆ. ಒಂದೂ ಸುಳ್ಳಲ್ಲ, ಆದರೆ ಒಂದೂ ಅವರ ಆ ಹೊತ್ತಿನ ಕೆಲಸಕ್ಕೆ ಬರಲಿಲ್ಲ.

ಅಂದಿನಿಂದ ಪ್ರತಿ ವಿವರಕ್ಕೂ ಎರಡು ಪ್ರಶ್ನೆ ಕೇಳುತ್ತೇನೆ. ಇದು ಗೊತ್ತಿಲ್ಲದಿದ್ದರೆ ಪುಟ ಕೆಡುತ್ತದೆಯಾ? ಕೆಟ್ಟರೆ ಅದು ತಾನಾಗಿ ಕಣ್ಣಿಗೆ ಬೀಳುತ್ತದೆಯಾ? ಕೆಡುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ ಅನ್ನುವಂಥ ವಿವರಕ್ಕೆ ಕೈಪಿಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ಕೊಡಿ.

ಒಂದು ಉದಾಹರಣೆ ನೋಡಿ. ಜೀಲಾಟೆಕ್ ಅಂದರೆ ಯೂನಿಕೋಡ್ ಫಾಂಟ್ ಬಳಸುವ ಲಾಟೆಕ್. ಜೀಲಾಟೆಕ್‌ನಲ್ಲಿ ಕನ್ನಡ ಫಾಂಟ್ ಹೆಸರಿಸುವುದನ್ನು ಮರೆತರೆ ಕೆಲಸ ನಿಲ್ಲುವುದೇ ಇಲ್ಲ. ಪಿಡಿಎಫ್ ಬರುತ್ತದೆ, ಆದರೆ ಅದರಲ್ಲಿ ಕನ್ನಡ ಅಕ್ಷರ ಇರುವುದಿಲ್ಲ, ಯಾಕೆಂದರೆ ಅದು ತಾನಾಗಿ ಹಿಡಿಯುವ ಲ್ಯಾಟಿನ್ ಮಾಡರ್ನ್ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. "Missing character" ಅನ್ನುವ ಸಾಲು, ಕೆಲಸದ ವರದಿ ಬರೆದಿಡುವ ಲಾಗ್ ಫೈಲ್‌ನಲ್ಲಿ ಬಿದ್ದಿರುತ್ತದೆ. ಇಡೀ ಪುಟ ಖಾಲಿಯಾದರೆ ಗೊತ್ತಾಗುತ್ತದೆ, ಆದರೆ ಇಂಗ್ಲಿಷ್ ಜಾಸ್ತಿ ಇರುವ ಪುಟದ ನಡುವೆ ಒಂದೇ ಒಂದು ಕನ್ನಡ ಹೆಸರು ಮಾಯವಾದರೆ? ವಂಶಾವಳಿಯಲ್ಲಿ ಒಬ್ಬರ ಹೆಸರು ಬಿಟ್ಟುಹೋಗುವುದು ಸಣ್ಣ ವಿಷಯ ಅಲ್ಲ. ಹಾಗಾಗಿ ಆ ಸಂದೇಶ ಹೇಗಿರುತ್ತದೆ, ಲಾಗ್ ಫೈಲ್ ಎಲ್ಲಿ ಸಿಗುತ್ತದೆ, ಅದರಲ್ಲಿ ಹುಡುಕುವುದು ಹೇಗೆ, ಮೂರನ್ನೂ ಬರೆಯಿರಿ. ಸಂದೇಶವನ್ನು ಲಾಗ್ ಫೈಲಿನಲ್ಲಿ ಇರುವ ಹಾಗೆಯೇ ಹಾಕಿ. ನಿಮ್ಮ ಮಾತಿನಲ್ಲಿ ತಿರುಗಿಸಿ ಬರೆದರೆ ಓದುವವರಿಗೆ ಹುಡುಕಲು ಆಗುವುದಿಲ್ಲ.

ಫಾಂಟ್ ಸಾಲಿನಲ್ಲಿ "ಸ್ಕ್ರಿಪ್ಟ್ ಕನ್ನಡ" ಅಂತ ಹೇಳಬೇಕು ಅನ್ನುವುದೂ ಕೈಪಿಡಿಯ ಮೊದಲ ಪುಟಗಳಲ್ಲೇ ಇರಲಿ. ಅದನ್ನು ಬಿಟ್ಟರೆ ಒತ್ತುಗಳು ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಸರಿಯಾದ ಪುಟ, ಕೆಟ್ಟ ಪುಟ, ಎರಡರ ಚಿತ್ರವನ್ನೂ ಅಕ್ಕಪಕ್ಕ ಹಾಕಿದರೆ ಅರ್ಧ ವಿವರಣೆ ಬೇಕಾಗುವುದೇ ಇಲ್ಲ.

ಇನ್ನು ಪಾಯಿಂಟ್ ವಿಷಯ. ಲಾಟೆಕ್‌ನ ಒಂದು ಪಾಯಿಂಟ್ ಅಂದರೆ ಇಂಚಿನಲ್ಲಿ 72.27ರ ಒಂದು ಭಾಗ, ಪೇಜ್‌ಮೇಕರ್‌ನಂಥವುಗಳಲ್ಲಿ 72ರ ಒಂದು ಭಾಗ. ಇದು ನನಗೆ ತುಂಬಾ ಇಷ್ಟವಾದ ವಿವರ. ಆದರೂ ತೆಗೆದು ಕೊನೆಯ ಅನುಬಂಧಕ್ಕೆ ಹಾಕಿದೆ, ಯಾಕೆಂದರೆ 12 ಪಾಯಿಂಟ್ ಅಕ್ಷರದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವುದಿಲ್ಲ. ಅದೇ ಸಾಲುಗಳ ನಡುವಿನ ಅಂತರ ಹಾಗಲ್ಲ. ಲಾಟೆಕ್ ಸಾಮಾನ್ಯವಾಗಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು ಇಡುತ್ತದೆ. ಇಂಗ್ಲಿಷ್‌ಗೆ ಸಾಕು, ಆದರೆ "ಸ್ತ್ರೀ", "ರಾಷ್ಟ್ರ" ಅಂತ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಇದು ಮೊದಲ ಅಧ್ಯಾಯದ ವಿಷಯ, ಅಳತೆ ಸಮೇತ ಹೇಳಿ.

ನಮ್ಮಲ್ಲಿ ಇನ್ನೊಂದನ್ನು ಬಿಡುವ ಹಾಗೇ ಇಲ್ಲ, ನುಡಿ ತಂತ್ರಾಂಶದ ಹಳೆಯ ಫೈಲುಗಳು. ಒಕ್ಕದ ಪುಸ್ತಕ, ಸಂಘದ ಸ್ಮರಣ ಸಂಚಿಕೆ, ಮದುವೆ ಕಾಗದ, ಎಷ್ಟೋ ಕಡೆ ಎಲ್ಲವೂ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲೇ ಇವೆ. ಅದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಸಾಲಾಗಿ ಬರುತ್ತವೆ. ಯಾಕೆ ಹಾಗಾಗುತ್ತದೆ ಅನ್ನುವುದಕ್ಕೆ ಎರಡು ಸಾಲು ಸಾಕು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ ಅಂತ ಹೇಳುವುದು ಮುಖ್ಯ. "ಎಸ್ಟೇಟ್‌ನಲ್ಲಿ" ಅನ್ನುವಂಥ ಪದವನ್ನೂ ನೋಡಬೇಕು, ಅದರಲ್ಲಿ 'ನ' ಅಕ್ಷರ ಒತ್ತಾಗಿ ಕೆಳಗಿಳಿಯದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಕಾಫಿ ತೋಟದ ಊರಲ್ಲಿ ಈ ಪದ ಪುಟಕ್ಕೆ ಹತ್ತು ಸಲ ಬರುತ್ತದೆ ಅಲ್ವಾ? ಆ ಗುರುತನ್ನು ಯಾವ ಕೀಲಿಯಿಂದ ಹಾಕುವುದು ಅಂತ ಮೊದಲ ಪುಟಗಳಲ್ಲೇ ಬರೆಯಿರಿ, ಅದರ ಯೂನಿಕೋಡ್ ಸಂಖ್ಯೆ ಅನುಬಂಧದಲ್ಲಿರಲಿ.

ಇತಿಹಾಸಕ್ಕೆ ಒಂದು ಸಾಲು. ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಪ್ರೂಫ್ ನೋಡಿ ಬೇಸರಪಟ್ಟು 1970ರ ದಶಕದ ಕೊನೆಯಲ್ಲಿ, ಲಾಟೆಕ್‌ಗೆ ಆಧಾರವಾದ ಟೆಕ್ ಶುರುಮಾಡಿದರು. ಅಷ್ಟು ಸಾಕು.

ಇನ್‌ಸ್ಟಾಲ್ ಮಾಡುವ ಮೊದಲೇ ಎಷ್ಟು ಜಾಗ, ಎಷ್ಟು ಡೇಟಾ ಬೇಕು ಅಂತ ತಿಳಿಸಿ. ಲಾಟೆಕ್ ಸಿಗುವ ಟೆಕ್ ಲೈವ್ ಅನ್ನುವ ಕಟ್ಟನ್ನು ಪೂರ್ತಿ ಹಾಕಿದರೆ ಹಲವು ಜಿಬಿ ಆಗುತ್ತದೆ. ಜುಲೈ ತಿಂಗಳಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ನೆಟ್ ಯಾವಾಗ ಬರುತ್ತದೆ ಹೇಳಲು ಆಗುವುದಿಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಒಂದು ದಿನ ಹೋಯಿತು. ಇದೇ ಕಾರಣಕ್ಕೆ "ಹೆಚ್ಚಿನ ವಿವರಕ್ಕೆ ವೆಬ್‌ಸೈಟ್ ನೋಡಿ" ಅಂತ ಬರೆದು ಸುಮ್ನೆ ದಾಟಿಕೊಳ್ಳಬೇಡಿ. ಬೇಕಾದ ವಿವರವಾದರೆ ಕೈಪಿಡಿಯ ಒಳಗೇ ಹಾಕಿ, ಅದನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳುವ ಹಾಗಿರಲಿ.

ಇಷ್ಟಾದ ಮೇಲೂ ಕೂತಲ್ಲೇ ಊಹಿಸಿ ಎಲ್ಲವನ್ನೂ ನಿರ್ಧರಿಸಲು ಆಗುವುದಿಲ್ಲ. ಎರಡನೇ ಕರಡು ಹಿಡಿದು ಅದೇ ಅಕ್ಕನ ಪಕ್ಕ ಒಂದು ಮಧ್ಯಾಹ್ನ ಕೂತೆ. ಬಾಯಿ ಬಿಡಬಾರದು ಅಂತ ಮೊದಲೇ ಮಾತಾಗಿತ್ತು. ಅವರು ಎಲ್ಲಿ ನಿಂತರು, ಯಾವ ಪುಟಕ್ಕೆ ಹಿಂದೆ ಹೋದರು, ಯಾವುದನ್ನು ಓದದೆ ದಾಟಿದರು ಅಂತ ಗುರುತು ಹಾಕಿಕೊಂಡೆ. ಮೊದಲು ನಿಂತಿದ್ದು ನಾನು ಯೋಚನೆಯೇ ಮಾಡದಿದ್ದ ಜಾಗದಲ್ಲಿ: ಡೆಮಿ 1/8 ಅನ್ನುವ ಪುಸ್ತಕದ ಅಳತೆಯನ್ನು ಲಾಟೆಕ್‌ಗೆ ಹೇಗೆ ಹೇಳುವುದು? ನಾನು ಎಲ್ಲಾ ಕಡೆ ಎ4 ಅಂತಲೇ ಬರೆದಿದ್ದೆ. ನಮ್ಮ ಕಡೆ ಎ4ನಲ್ಲಿ ಪುಸ್ತಕ ಮಾಡಿಸುವವರು ಎಷ್ಟು ಜನ? ಈಗ ಕೈಪಿಡಿಯ ಮೊದಲ ಅಳತೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ.