ಕಾಫಿ ಕಣದಲ್ಲಿ ಕಕ್ಷೆ ಬದಲಾವಣೆಯನ್ನು ಬಿಡಿಸುವ ಬಗೆ

ಕೊಡಗಿನಲ್ಲಿ ಕಾಫಿ ಕೊಯ್ಲಿಗೆ ಮುನ್ನ ಖಾಲಿಯಿರುವ ಸಿಮೆಂಟ್ ಕಣ, ನೌಕೆಯೊಂದು ಭೂಮಿಗೆ ಹತ್ತಿರದ ಕೆಳಕಕ್ಷೆಯಿಂದ ಭೂಸ್ಥಿರ ಕಕ್ಷೆಗೆ (ಭೂಮಿ ತಿರುಗಿದಂತೆಯೇ ಸುತ್ತುತ್ತ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಕಕ್ಷೆ) ಏರುವುದನ್ನು ಮಕ್ಕಳಿಗೆ ತೋರಿಸಲು ತಕ್ಕ ಜಾಗ. ಒಂದು ಸೆಂಟಿಮೀಟರಿಗೆ 1,000 ಕಿಲೋಮೀಟರ್ ಎಂದಿಟ್ಟುಕೊಂಡು, ಭೂಕೇಂದ್ರದ ಚುಕ್ಕೆಯ ಸುತ್ತ 6.7 ಮತ್ತು 42.2 ಸೆಂ.ಮೀ. ತ್ರಿಜ್ಯದ ಎರಡು ವೃತ್ತಗಳನ್ನು ಸೀಮೆಸುಣ್ಣದಿಂದ ಎಳೆಯಿರಿ.

ಆ ಚುಕ್ಕೆಯಿಂದ 35.5 ಸೆಂ.ಮೀ. ದೂರದಲ್ಲಿ ಇನ್ನೊಂದು ಚುಕ್ಕೆ ಇಟ್ಟು, ಎರಡರ ಮೇಲೂ ಮೊಳೆಯನ್ನು ಒಬ್ಬೊಬ್ಬರು ಒತ್ತಿ ಹಿಡಿದಿರಲು, 84.4 ಸೆಂ.ಮೀ. ಸುತ್ತಳತೆಯ ದಾರದ ಕುಣಿಕೆಯನ್ನು ಅವುಗಳಿಗೆ ಹಾಕಿ, ಬಿಗಿಯಾಗಿ ಎಳೆದು ಸುಣ್ಣ ತಿರುಗಿಸಿದರೆ ಎರಡೂ ವೃತ್ತಗಳನ್ನು ಮುಟ್ಟುವ ದೀರ್ಘವೃತ್ತ ಮೂಡುತ್ತದೆ. ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಸಾಗಲು ಜರ್ಮನ್ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲಿ ವಿವರಿಸಿದ ದಾರಿ ಇದೇ.

ಇಲ್ಲಿ ನಿಂತು ವೇಗಗಳನ್ನು ಬರೆಯಿಸಿ. ಪಾಠದ ತಿರುಳಿರುವುದು ಅಲ್ಲಿಯೇ. ಒಳವೃತ್ತದಲ್ಲಿ ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದ ನೌಕೆ, ಸಾಗುವ ದಿಕ್ಕಿನಲ್ಲೇ ಎಂಜಿನ್ ಉರಿಸಿ 2.4 ಕಿ.ಮೀ. ಸೇರಿಸಿಕೊಂಡು, ಇಂಧನ ಉರಿಸದೆ ಸುಮಾರು ಐದೂಕಾಲು ಗಂಟೆ ಮೇಲೇರುತ್ತದೆ. ಏರಿದಂತೆ ಗುರುತ್ವ ಅದನ್ನು ನಿಧಾನಿಸುವುದರಿಂದ ತುದಿಯಲ್ಲಿ ವೇಗ 1.6ಕ್ಕೆ ಇಳಿದಿರುತ್ತದೆ, ಆಗ ಮತ್ತೆ ಸುಮಾರು 1.5 ಸೇರಿಸದಿದ್ದರೆ ಅದು ಹೊರವೃತ್ತದಲ್ಲಿ ನೆಲೆಸದೆ ಮರಳಿ ಕೆಳಗಿಳಿಯುತ್ತದೆ. ಎರಡು ಬಾರಿ ವೇಗ ಹೆಚ್ಚಿಸಿದರೂ ಕೊನೆಗೆ ಉಳಿಯುವುದು 3.1 ಮಾತ್ರ, ಏಕೆಂದರೆ ಶಕ್ತಿಯ ಬಹುಪಾಲು ಎತ್ತರಕ್ಕೆ ಸಂದಿದೆ. ಮಕ್ಕಳು ಇದನ್ನು ತಾವೇ ಕಂಡುಕೊಳ್ಳುವವರೆಗೆ ಕಾಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕಕ್ಷೆಯ ಓರೆ (ಸಮಭಾಜಕಕ್ಕೆ ಹೋಲಿಸಿದರೆ ಅದರ ವಾಲಿಕೆ) ತಿದ್ದಲು ಬೇಕಾಗುವ ಹೆಚ್ಚುವರಿ ವೇಗವನ್ನು ಈ ಚಪ್ಪಟೆ ಚಿತ್ರ ತೋರಿಸಲಾರದು. 2023ರ ಚಂದ್ರಯಾನ-3 ಒಂದೇ ಸಲ ನೆಗೆಯದೆ, ಭೂಮಿಗೆ ಹತ್ತಿರ ಬಂದಾಗಲೆಲ್ಲ ಎಂಜಿನ್ ಉರಿಸಿ ಹಂತಹಂತವಾಗಿ ಕಕ್ಷೆ ಹಿಗ್ಗಿಸಿಕೊಂಡಿತು. ಅದನ್ನು ತೋರಿಸಲು ಅದೇ ಭೂಕೇಂದ್ರದ ಚುಕ್ಕೆಯ ಸುತ್ತ ಒಂದಕ್ಕಿಂತ ಒಂದು ಉದ್ದನೆಯ ದೀರ್ಘವೃತ್ತಗಳನ್ನು ಎಳೆಯಿರಿ.