ಹುಂಜವೋ ಹ್ಯಾಟೆಯೋ: ಮೂರು ತಿಂಗಳ ಹತ್ತಿರ ಸೊಂಟದ ಗರಿ ನೋಡಿ

ಸಕಲೇಶಪುರದ ಹತ್ತಿರ ನಮ್ಮ ಹಿತ್ತಲಲ್ಲಿ ಈಗ ಒಂಬತ್ತು ವಾರದ ಹನ್ನೊಂದು ಮರಿ ಇವೆ. ಮೂರು ಕೋಳಿಗಳ ಮೊಟ್ಟೆ ಸೇರಿಸಿ ಬೂದು ಹ್ಯಾಟೆಯನ್ನು (ಹೆಣ್ಣು ಕೋಳಿ) ಕಾವಿಗೆ ಕೂರಿಸಿದ್ದೆ, ಇಪ್ಪತ್ತೊಂದನೇ ದಿನಕ್ಕೆ ಮರಿ ಆದವು. ಅವತ್ತಿನಿಂದ ಮಂಕರಿ ಎತ್ತಿದಾಗಲೆಲ್ಲ ಅಕ್ಕಪಕ್ಕದವರು ಕೇಳೋದು ಒಂದೇ ಮಾತು: "ಇದ್ರಲ್ಲಿ ಹ್ಯಾಟೆ ಎಷ್ಟಕ್ಕಾ?"

ಬೇಗ ಹೇಳಲು ನನಗೆ ಭಯ. ಕೋಳಿ ಸಾಕಲು ಶುರು ಮಾಡಿದ ವರ್ಷ, ಆರು ವಾರಕ್ಕೇ ಜುಟ್ಟು ಕೆಂಪಾಗಿದ್ದ ಕರಿ ಮರಿಯೊಂದನ್ನು ಹುಂಜ ಅಂತ ಪಕ್ಕದ ಊರಿನವರಿಗೆ ಹರಕೆಗೆ ಕೊಟ್ಟಿದ್ದೆ. ಅವರು ಸಾಕಿ ಬೆಳೆಸಿದ ಮೇಲೆ ಅದು ಮೊಟ್ಟೆ ಇಟ್ಟಿತು. ಆ ಮನೆಯವರು ನೊಂದುಕೊಂಡಿದ್ದು ಇನ್ನೂ ನನ್ನ ಮನಸ್ಸಲ್ಲಿದೆ.

ಚೂಪು ಮೊಟ್ಟೆಯಲ್ಲಿ ಹುಂಜ, ಉರುಟು ಮೊಟ್ಟೆಯಲ್ಲಿ ಹ್ಯಾಟೆ ಅನ್ನೋ ಮಾತು ನಿಜವಲ್ಲ. ಒಂದು ದಿನದ ಮರಿಯ ರೆಕ್ಕೆ ಬಿಡಿಸಿ ಗರಿಯ ಉದ್ದ ನೋಡೋ ಕ್ರಮ, ಅದಕ್ಕೆಂದೇ ತಂದೆ ತಾಯಿಯನ್ನು ಆರಿಸಿ ಕೂಡಿಸಿದ ತಳಿಗಳಲ್ಲಿ ಮಾತ್ರ ನಡೆಯುತ್ತೆ. ನಾಟಿ ಮರಿಗಳಲ್ಲಿ ನಂಬಬೇಡಿ. ಮರಿಯ ಹಿಂಬದಿ, ಅಂದರೆ ಹಿಕ್ಕೆ ಹಾಕೋ ಜಾಗ, ಬಿಡಿಸಿ ನೋಡೋದು 1920ರ ದಶಕದಲ್ಲಿ ಜಪಾನಿನವರು ಕಂಡುಕೊಂಡ ವಿದ್ಯೆ. ಕಲಿತವರ ಕೈಗೇ ಅದನ್ನು ಬಿಡಿ, ಒತ್ತುವುದು ಸ್ವಲ್ಪ ಹೆಚ್ಚಾದರೂ ಮರಿ ಸಾಯುತ್ತೆ.

ನಮ್ಮ ಹಿತ್ತಲ ಕೋಳಿಗಳಲ್ಲಿ ಬಣ್ಣದಿಂದ ಗೊತ್ತಾಗೋದು ಎರಡು ಕಡೆ. ಒಂದು, ಕಪ್ಪು ಬಿಳಿ ಅಡ್ಡಪಟ್ಟೆಯ ಕೋಳಿ. ತಾಯಿಗೆ ಪಟ್ಟೆ ಇದ್ದು ಹುಂಜಕ್ಕೆ ಇಲ್ಲದಿದ್ದರೆ, ಆ ಪಟ್ಟೆ ಗಂಡು ಮರಿಗಷ್ಟೇ ಹೋಗುತ್ತೆ. ಪಟ್ಟೆಯ ಗುಣ ಇರೋದು ಝಡ್ ಎಂಬ ವರ್ಣತಂತುವಿನಲ್ಲಿ (ತಂದೆ ತಾಯಿಯ ಗುಣ ಮರಿಗೆ ಸಾಗಿಸೋ ಎಳೆ). ಹ್ಯಾಟೆಗೆ ಇರೋದು ಒಂದೇ ಝಡ್, ಅದನ್ನು ಅವಳು ಕೊಡೋದು ಗಂಡಿಗೆ. ಹುಟ್ಟಿದ ದಿನವೇ ಕರಿ ಮರಿಯ ನೆತ್ತಿ ನೋಡಿ: ಬಿಳಿ ಚುಕ್ಕೆ ಇದ್ದರೆ ಹುಂಜ. ಹುಂಜಕ್ಕೇ ಪಟ್ಟೆ ಇದ್ದರೆ ಈ ಲೆಕ್ಕ ಕೆಡುತ್ತೆ, ಹೆಣ್ಣು ಮರಿಗೂ ಚುಕ್ಕೆ ಬರುತ್ತೆ.

ಎರಡನೆಯದು ಅಳಿಲಿನ ಹಾಗೆ ಬೆನ್ನ ಮೇಲೆ ಕಂದು ಗೆರೆ ಇರೋ ಮರಿಗಳು. ಇವು ಮೊದಲ ನುಣುಪು ತುಪ್ಪಳ ಕಳೆದು ಗರಿ ಹಾಕುವಾಗ ಎದೆ ಗಮನಿಸುತ್ತಿರಿ. ಹ್ಯಾಟೆಯ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಹಾಗೇ ಉಳಿಯುತ್ತೆ. ಹುಂಜದ ಎದೆಯಲ್ಲಿ ಅಲ್ಲಲ್ಲಿ ಕಪ್ಪು ಗರಿ ಏಳುತ್ತೆ, ಆಮೇಲೆ ಹೆಗಲ ಮೇಲೆ ಕೆಂಪು.

ಪೂರ್ತಿ ಕರಿ ಮರಿಗಳೇ ಕಷ್ಟ. ಹುಟ್ಟಿದಾಗ ಹೊಟ್ಟೆ ಹಳದಿ, ರೆಕ್ಕೆತುದಿ ಬಿಳಿ ಇದ್ದು ಆಮೇಲೆ ಕಪ್ಪಾಗುತ್ತೆ, ಇದರಿಂದ ಹೆಣ್ಣು ಗಂಡು ಏನೂ ತಿಳಿಯಲ್ಲ. ಹುಂಜದ ಮರಿಗೆ ಬಾಲ ನಿಧಾನ, ಕಾಲು ದಪ್ಪ, ಜುಟ್ಟು ಬೇಗ ಕೆಂಪು ಅನ್ನೋದು ನಿಜವೇ, ಆದರೆ ಒಂದೇ ಕಾವಿನ, ಒಂದೇ ತಾಯಿಯ ಮರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ದೊಡ್ಡದಾಗಿ ಬೆಳೆಯೋ ಗಿರಿರಾಜ ತಳಿಯ ಮರಿ ಪಕ್ಕ ನಾಟಿ ಮರಿ ಇಟ್ಟರೆ ಎಲ್ಲ ಗಿರಿರಾಜವೂ ಹುಂಜದಂತೆಯೇ ಕಾಣುತ್ತೆ.

ನನಗೆ ಪೂರ್ತಿ ನಂಬಿಕೆ ಇರೋದು ಸೊಂಟದ ಗರಿ ಮೇಲೆ. ಹತ್ತರಿಂದ ಹದಿನಾಲ್ಕು ವಾರದೊಳಗೆ, ಕತ್ತಲಾಗಿ ಮರಿ ಗೂಡು ಸೇರಿದ ಮೇಲೆ ನೋಡಿ, ಆಗ ಒದ್ದಾಡಲ್ಲ. ಎದೆ ಕೆಳಗೆ ಅಂಗೈ ಕೊಟ್ಟು ಎತ್ತಿ, ಟಾರ್ಚ್ ಬೆಳಕಲ್ಲಿ ಬಾಲದ ಬುಡಕ್ಕಿಂತ ಸ್ವಲ್ಪ ಮುಂದಿನ ಗರಿ ಬಿಡಿಸಿ. ಬತ್ತದ ಎಲೆಯ ಹಾಗೆ ಕಿರಿದಾಗಿ, ತುದಿ ಚೂಪಾಗಿ, ಹೊಳೆಯುತ್ತಿದ್ದರೆ ಹುಂಜ. ಹುಣಸೆ ಎಲೆಯ ತುದಿಯಂತೆ ದುಂಡಗಿದ್ದರೆ ಹ್ಯಾಟೆ. ಹೊಸದಾಗಿ ಬರುತ್ತಿರೋ ಗರಿಯನ್ನೇ ನೋಡಬೇಕು, ಹಳೇ ಮರಿಗರಿ ಎರಡಕ್ಕೂ ದುಂಡಗೇ ಇರುತ್ತೆ. ಕುತ್ತಿಗೆಯ ಗರಿಯೂ ಇದೇ ಹೇಳುತ್ತೆ, ಆದರೆ ಸೊಂಟದಷ್ಟು ಸ್ಪಷ್ಟ ಅಲ್ಲ.

ತಿಳಿದ ಕೂಡಲೇ ಕಾಲಿಗೆ ದಾರ ಕಟ್ಟಿ: ನಾನು ಹುಂಜಕ್ಕೆ ಕೆಂಪು, ಹ್ಯಾಟೆಗೆ ಹಳದಿ ಕಟ್ಟುತ್ತೀನಿ. ವಾರಕ್ಕೊಮ್ಮೆ ಬಿಚ್ಚಿ ಸಡಿಲ ಮಾಡದಿದ್ದರೆ ಬೆಳೆಯೋ ಕಾಲಿಗೆ ದಾರ ಕಚ್ಚಿಕೊಂಡು ಗಾಯವಾಗುತ್ತೆ. ಈ ಸಲ ಗೆರೆಮರಿ ಐದರಲ್ಲಿ ಮೂರಕ್ಕೆ ಕೆಂಪು, ಎರಡಕ್ಕೆ ಹಳದಿ. ಪಟ್ಟೆಕೋಳಿಯ ಎರಡು ಮರಿಯಲ್ಲಿ ನೆತ್ತಿಚುಕ್ಕೆಯದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ. ಉಳಿದ ನಾಲ್ಕು ಕರಿ ಮರಿಗೆ ಇನ್ನೂ ದಾರ ಕಟ್ಟಿಲ್ಲ.